ಹೆಗಲು ಮುಟ್ಟಿಕೊಂಡ ಅಂಪೈರ್

ವೇದಿಕೆಯ ನಡುವೆ, ಫ್ಯಾನಿನ ನೇರ ಕೆಳಗೆ ಆಸೀನರಾಗಿರುವ ನಮ್ಮ ಕ್ರಿಕೆಟ್ ಸಂಘದ ಮಾನ್ಯ ಅಧ್ಯಕ್ಷರೇ, ಪ್ರಯಾಣದ ಆಯಾಸವನ್ನು ತೋರಗೊಡದೆ ನಗುತ್ತಿರುವ ಮುಖ್ಯ ಅತಿಥಿಗಳೇ, ಬೆಳಗ್ಗಿನಿಂದ ನಿಂತೇ ಇರುವ ಕಾರ್ಯದರ್ಶಿಗಳೇ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತಿರುವ ಹಿರಿಯ ಆಟಗಾರರೇ, ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿರುವ ಕಿರಿಯ ಆಟಗಾರರೇ, ಅವರನ್ನು ನೋಡುತ್ತಿರುವ ತಂದೆ ತಾಯಿಯರೇ, ಮತ್ತು ಇಪ್ಪತ್ತೊಂಬತ್ತು ವರ್ಷ ನಮ್ಮೆಲ್ಲರ ರನ್ನುಗಳನ್ನು ಬರೆದು ಇಂದು ಪೆನ್ನು ಕೆಳಗಿಡುತ್ತಿರುವ, ನಾವೆಲ್ಲ ಸ್ಕೋರಕ್ಕ ಎಂದೇ ಕರೆಯುವ ನಮ್ಮ ಅಕ್ಕನವರೇ, ಸಭಿಕರೇ,

ನಾನು ಮಾತುಗಾರನಲ್ಲ. ಇಪ್ಪತ್ತಾರು ವರ್ಷ ಅಂಪೈರ್ ಆಗಿ ನಿಂತವನು. ಅಂಪೈರ್ ಎಂದರೆ ಬಾಯಿ ಕಡಿಮೆ, ಕೈ ಜಾಸ್ತಿ. ಮೈದಾನದಲ್ಲಿ ನನ್ನ ಹೆಸರು ಕಂಬ ಎಂಬುದು ನಿಮಗೆಲ್ಲ ಗೊತ್ತು. ಅದನ್ನು ಹೊಗಳಿಕೆ ಎಂದೇ ನಾನು ತಿಳಿದುಕೊಂಡಿದ್ದೇನೆ. ಉಳಿದ ದಿನಗಳಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಬೌಂಡರಿ ಗೆರೆಯಿಂದ ಯಾರಾದರೂ 'ಅಂಪೈರಿಗೆ ಕಣ್ಣು ಕಾಣ್ಸಲ್ವಾ' ಎಂದು ಕೂಗಿದರೆ, ಆಟ ಮುಗಿದ ಮೇಲೆ ಅವರಿಗೆ ಅಂಗಡಿಯ ವಿಳಾಸ ಕೊಡುತ್ತಿದ್ದೆ. ಹಾಗೆ ಬಂದ ಗಿರಾಕಿಗಳಲ್ಲಿ ನಾಲ್ಕೈದು ಜನ ಈ ಸಭೆಯಲ್ಲೇ ಇದ್ದಾರೆ, ಮೂಗಿನ ಮೇಲೆ ನನ್ನ ಸರಕೇ ಇದೆ.

ಕಾರ್ಯದರ್ಶಿಗಳು ನನಗೆ ಹದಿನೈದು ನಿಮಿಷದಲ್ಲಿ ಎರಡು ಕೆಲಸ ಹೇಳಿದ್ದಾರೆ. ಒಂದು, ಅಕ್ಕನ ಬಗ್ಗೆ ನಾಲ್ಕು ಅಭಿನಂದನೆಯ ಮಾತು. ಇನ್ನೊಂದು, ನಾಳೆ ಶುರುವಾಗುವ ತರಬೇತಿ ಶಿಬಿರದ ಮಕ್ಕಳಿಗಾಗಿ, ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿಸಿರುವ ಹಾಗೆ, 'ಕ್ರೀಡೆ ಮತ್ತು ಬೆಟ್ಟಿಂಗ್: ಅಪಾಯ, ನೀತಿ, ಶಿಕ್ಷಣ' ಎಂಬ ಉಪನ್ಯಾಸ. ಇದು ನನಗೇ ಯಾಕೆ ಎಂದು ಕೇಳಿದೆ. ಫೋನಿನಲ್ಲಿ ಅವರೆಂದರು, 'ಸಾರ್, ನಿಮ್ಮಷ್ಟು ಕ್ಲೀನ್ ಮನುಷ್ಯ ನಮ್ಮ ಸಂಘದಲ್ಲಿ ಇನ್ನೊಬ್ರಿಲ್ಲ. ನೀವ್ ಹೇಳಿದ್ರೆ ಮಕ್ಳು ಕೇಳ್ತಾರೆ.' ಆಮೇಲೆ ಮೂರು ದಿನ ನನಗೆ ಊಟ ಸರಿಯಾಗಿ ಸೇರಲಿಲ್ಲ. ಮನೆಯವರು ಭಾಷಣದ ಭಯ ಇರಬೇಕು ಎಂದುಕೊಂಡರು.

ಮೊದಲು ಅಕ್ಕನ ವಿಚಾರ. ಈಗಷ್ಟೇ ಅಧ್ಯಕ್ಷರು ಅವರಿಗೆ ಹೂಗುಚ್ಛ ಕೊಟ್ಟರು, ಫಲಕ ಕೊಟ್ಟರು, ಕೊನೆಗೆ ಹಿತ್ತಾಳೆ ಹಿಡಿಯ ಒಂದು ಭೂತಗನ್ನಡಿ ಕೊಟ್ಟು, 'ಇನ್ಮುಂದೆ ನಿಮ್ಗೆ ಕಾಣಿಸ್ದೇ ಇರೋದು ಏನೂ ಇಲ್ಲ' ಎಂದರು. ಸಭೆ ಹೊಟ್ಟೆ ತುಂಬ ನಕ್ಕಿತು. ಹೊಸಬರಿಗೆ ಈ ತಮಾಷೆ ಅರ್ಥವಾಗಿರಲಿಕ್ಕಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಅಂಪೈರ್ ಕೊಟ್ಟ ಸನ್ನೆ ಅಕ್ಕನಿಗೆ ಕಾಣಿಸದೆ ಆಟ ನಾಲ್ಕು ನಿಮಿಷ ನಿಂತುಹೋಗಿತ್ತು. ಅಂದಿನಿಂದ ನಮ್ಮಲ್ಲಿ ಯಾರಾದರೂ ಕ್ಯಾಚ್ ಬಿಟ್ಟರೆ, ಬಸ್ಸು ತಪ್ಪಿಸಿಕೊಂಡರೆ, 'ಏನು, ಸ್ಕೋರಕ್ಕ ಆಗ್ಬಿಟ್ಯಾ' ಎಂದು ಕೇಳುವುದು ವಾಡಿಕೆ. ಇವತ್ತು ಎಲ್ಲರೂ ನಕ್ಕಾಗ ಅಕ್ಕನೂ ನಕ್ಕರು. ನಾನೂ ನಕ್ಕೆ. ಜೋರಾಗಿಯೇ ನಕ್ಕೆ. ಸನ್ನೆ ಕೊಟ್ಟ ಆ ಅಂಪೈರ್ ನಾನೇ.

ಸಭಿಕರೇ, ಸ್ಕೋರರ್ ಕೈಯನ್ನು ನೀವು ಯಾವತ್ತಾದರೂ ಗಮನವಿಟ್ಟು ನೋಡಿದ್ದೀರಾ? ನೋಡಿರುವುದಿಲ್ಲ. ಬ್ಯಾಟು ನೋಡುತ್ತೀರಿ, ಚೆಂಡು ನೋಡುತ್ತೀರಿ, ತೀರಾ ಬೇಜಾರಾದರೆ ನನ್ನನ್ನು ನೋಡುತ್ತೀರಿ. ನಮ್ಮ ಮೈದಾನದ ಆ ತುದಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ತಗಡಿನ ಮಾಡಿನ ಒಂದು ಸಣ್ಣ ಕೋಣೆಯಿದೆ. ಅದಕ್ಕೊಂದು ಕಿಟಕಿ. ನಾನು ಫೋರ್ ಎಂದು ಕೈ ಬೀಸಿದರೆ, ವೈಡ್ ಎಂದು ಎರಡೂ ಕೈ ಚಾಚಿದರೆ, ಆ ಕಿಟಕಿಯಲ್ಲಿ ಒಂದು ಕೈ ಮೇಲೇಳಬೇಕು. 'ಕಂಡೆ, ಬರೆದುಕೊಂಡೆ' ಎಂದು ಅದರ ಅರ್ಥ. ಆ ಕೈ ಏಳುವವರೆಗೂ ಮುಂದಿನ ಚೆಂಡು ಹಾಕಿಸುವ ಹಾಗಿಲ್ಲ. ಇದು ನನ್ನ ಮಾತಲ್ಲ, ಆಟದ ನಿಯಮ. ಓಡಿ ಬರಲು ಸಿದ್ಧನಾದ ಬೌಲರ್ ಕಾಯಬೇಕು, ನೂರು ಹೊಡೆದ ಬ್ಯಾಟ್ಸ್‌ಮನ್ ಕಾಯಬೇಕು, ಸಾವಿರ ಜನ ಇದ್ದರೆ ಸಾವಿರ ಜನವೂ ಕಾಯಬೇಕು. ಯಾವ ಕೈಗಾಗಿ? ಮುದ್ರಣಾಲಯದಲ್ಲಿ ವಾರವಿಡೀ ಪ್ರೂಫ್ ತಿದ್ದಿ, ರಜೆಯ ದಿನ ಡಬ್ಬಿ ಕಟ್ಟಿಕೊಂಡು ಬರುವ ಒಬ್ಬ ಹೆಂಗಸಿನ ಕೈಗಾಗಿ. ಈ ಏರ್ಪಾಡು ಮಾಡಿದವರು ಯಾರೋ ಏನೋ, ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೂ ಒಂದು ಸನ್ನೆ ಇದೆ, ಅದನ್ನು ನೀವು ನೋಡಿರುವುದು ಅಪರೂಪ. ಅಂಪೈರ್ ತಪ್ಪು ಸನ್ನೆ ಕೊಟ್ಟುಬಿಟ್ಟರೆ, ಬಲಗೈಯಿಂದ ಎಡ ಹೆಗಲನ್ನೂ ಎಡಗೈಯಿಂದ ಬಲ ಹೆಗಲನ್ನೂ ಮುಟ್ಟಿಕೊಳ್ಳಬೇಕು. 'ಈಗ ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡೆ' ಎಂದು ಅರ್ಥ. ನಮಗೆ ಅಂಪೈರಿಂಗ್ ಕಲಿಸಿದ ಮೇಷ್ಟ್ರು ಇದನ್ನು ಹೇಳಿಕೊಡುವಾಗ ಒಂದು ಮಾತು ಹೇಳುತ್ತಿದ್ದರು. 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅವನು ಬರೀ ಕಳ್ಳ, ಒಂದು ಹೆಗಲು ಸಾಕು. ನೀವು ಅಂಪೈರುಗಳು, ಎರಡೂ ಮುಟ್ಕೋಬೇಕು.' ನಾವು ನಗುತ್ತಿದ್ದೆವು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ಣ ಅಂಕ ಬಂದಿತ್ತು.

ಇರಲಿ. ಎರಡನೇ ಕೆಲಸಕ್ಕೆ ಬರುತ್ತೇನೆ, ಇಲ್ಲದಿದ್ದರೆ ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಾರೆ.

ಮಕ್ಕಳೇ, ಬೆಟ್ಟಿಂಗ್ ಬಗ್ಗೆ ಎಲ್ಲರೂ ನಿಮಗೆ 'ಕೆಟ್ಟದ್ದು, ಹೋಗಬೇಡಿ' ಎಂದಷ್ಟೇ ಹೇಳುತ್ತಾರೆ. ಅದು ಕೆಟ್ಟದ್ದರ ಹಾಗೆ ಕಾಣುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅದು ಜಾಣತನದ ಹಾಗೆ ಕಾಣುತ್ತದೆ. ಆಟ ಗೊತ್ತಿಲ್ಲದವನು ಹೆದರಿ ದೂರ ನಿಲ್ಲುತ್ತಾನೆ, 'ನನಗೆ ಆಟ ಗೊತ್ತು' ಎನ್ನುವವನು ಮೊದಲು ಬೀಳುತ್ತಾನೆ. ಲೆಕ್ಕವೂ ಕಷ್ಟದ್ದಲ್ಲ. ಒಂದು ನಾಣ್ಯ ಚಿಮ್ಮೋಣ. ಹೆಡ್ ಬಿದ್ದರೆ ನಿಮಗೆ ನಾನು ಒಂಬತ್ತು ಗೋಲಿ ಕೊಡುತ್ತೇನೆ, ಟೇಲ್ ಬಿದ್ದರೆ ನೀವು ನನಗೆ ಹತ್ತು ಗೋಲಿ ಕೊಡಬೇಕು. ಆಡುತ್ತೀರಾ? ನೋಡಿ, ತಲೆ ಅಲ್ಲಾಡಿಸುತ್ತಿದ್ದೀರಿ. ಬೆಟ್ಟಿಂಗ್ ನಡೆಸುವವರು ಇದನ್ನೇ ಮಾಡುವುದು. ನಾಣ್ಯದ ಬದಲು ಪಂದ್ಯ ಇಟ್ಟಿರುತ್ತಾರೆ, ಅಷ್ಟೇ. ಒಂದು ಸಂಜೆ ನೀವು ಗೆಲ್ಲಬಹುದು, ಹತ್ತು ಸಂಜೆಯೂ ಗೆಲ್ಲಬಹುದು, ವರ್ಷದ ಕೊನೆಗೆ ಆ ಒಂದು ಗೋಲಿ ನಿಮ್ಮನ್ನು ತಿಂದು ಮುಗಿಸಿರುತ್ತದೆ.

ಇದು ಗೊತ್ತಿದ್ದೂ ಬೀಳುತ್ತಾರೆಯೇ? ಬೀಳುತ್ತಾರೆ. ನನ್ನ ಪರಿಚಯದವರೊಬ್ಬರ ಕಥೆ ಹೇಳುತ್ತೇನೆ. ಗೌರವಸ್ಥರು, ಸ್ವಂತ ಅಂಗಡಿ, ಒಂದು ಚಟವಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ದೂರದ ದೇಶದ ಪಂದ್ಯ ನೋಡುವ ಅಭ್ಯಾಸ. ನೋಡುತ್ತಾ 'ಈಗ ಔಟಾಗ್ತಾನೆ ನೋಡು' ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು, ಹೇಳಿದ ಹಾಗೆ ಆಗುವುದು. ಹತ್ತು ಸಲ ಹೇಳಿ ಮೂರು ಸಲ ಆದರೂ ಆ ಮೂರೇ ನೆನಪಿರುವುದು. ಹೀಗೆ ಅದೇ ಫೋನಿನಲ್ಲಿ ಬಾಜಿ ಕಟ್ಟುವುದು ಶುರುವಾಯಿತು. ಮೊದಲ ತಿಂಗಳು ಗೆದ್ದರು. ಗೆದ್ದಾಗ ಮನೆಗೆ ಸಿಹಿ ತಂದರು, ಹೆಂಡತಿ ಕೇಳಿದಾಗ ವ್ಯಾಪಾರ ಚೆನ್ನಾಗಾಯಿತು ಎಂದರು. ಸೋತಾಗಲೂ ಸಿಹಿ ತಂದರು, ಅನುಮಾನ ಬರಬಾರದೆಂದು. ಸಭಿಕರೇ, ಮನೆಗೆ ದಿನವೂ ಸಿಹಿ ಬರುತ್ತಿದ್ದರೆ ದಯವಿಟ್ಟು ವಿಚಾರಿಸಿ.

ಕೊನೆಗೆ ಅಂಗಡಿಯ ಒಂದು ಯಂತ್ರವನ್ನೇ ಮಾರಬೇಕಾಯಿತು. ಹೆಂಡತಿಗೆ ರಿಪೇರಿಗೆ ಕಳಿಸಿದೆ ಎಂದು ಹೇಳಿದರು. ಅವರು ನಂಬಿದರು. 'ಇನ್ನೂ ಬರ್ಲಿಲ್ವಾ' ಎಂದು ಒಂದು ವರ್ಷ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಅದಿಲ್ಲದೆ ಕೆಲಸ ಎಷ್ಟು ಕಷ್ಟವೆಂದರೆ, ಪ್ರತಿಯೊಂದು ಲೆನ್ಸನ್ನೂ ಚೌಕಟ್ಟಿಗೆ ಕೂರುವ ಹಾಗೆ ಕೈಯಲ್ಲೇ ಉಜ್ಜಬೇಕು, ಬೆರಳ ತುದಿ ಸವೆದು...

ಲೆನ್ಸ್ ಎಂದೆನೇ ನಾನು?

ಎಂದೆ. ಮೂರನೇ ಸಾಲಿನಲ್ಲಿ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ ನಮ್ಮ ಮನೆಯವರು ಈಗ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಹೌದು ಮಾರಾಯ್ತಿ, ಆ ಯಂತ್ರ ರಿಪೇರಿಗೆ ಹೋಗಿಲ್ಲ. ಮನೆಗೆ ಹೋದ ಮೇಲೆ ನೀನು ಏನು ಹೇಳಿದರೂ ಕೇಳುತ್ತೇನೆ. ಈಗ ಇದನ್ನು ಮುಗಿಸಲು ಬಿಡು, ನಿಲ್ಲಿಸಿದರೆ ಮತ್ತೆ ಹನ್ನೊಂದು ವರ್ಷ ಬೇಕಾಗುತ್ತದೆ.

ಸಭಿಕರೇ, ಆ ಪರಿಚಯದವರು ನಾನೇ. ಕ್ಲೀನ್ ಮನುಷ್ಯ. ಬರೆದು ತಂದಿದ್ದ ಭಾಷಣ ಇಲ್ಲಿದೆ, ಇನ್ನು ಇದನ್ನು ಓದುವುದಿಲ್ಲ, ಜೇಬಿಗೆ ಹಾಕುತ್ತೇನೆ. ಇದರಲ್ಲಿ ಆ ಪರಿಚಯದವರು ಕೊನೆಯವರೆಗೂ ಪರಿಚಯದವರಾಗಿಯೇ ಉಳಿಯುತ್ತಾರೆ.

ಒಂದು ದಿನ ಅದೇ ಫೋನಿನಲ್ಲಿ ನಾನು ಏನು ಕಂಡೆ ಗೊತ್ತೇ? ನಮ್ಮ ಮೈದಾನ. ನಮ್ಮ ನೀರಿನ ಟ್ಯಾಂಕು, ಕಾಲು ಮುರಿದ ನಮ್ಮ ಬೆಂಚು, ಹಿಂದಿನ ವಾರದ ಪಂದ್ಯದಲ್ಲಿ ಬಿಳಿ ಟೋಪಿ ಹಾಕಿಕೊಂಡು ಕಂಬದ ಹಾಗೆ ನಿಂತಿರುವ ನಾನು. ಆ ವರ್ಷ ನಮ್ಮ ಲೀಗ್ ಪಂದ್ಯಗಳನ್ನು ಯಾರೋ ಕ್ಯಾಮರಾ ಇಟ್ಟು ಹಿಡಿಯುತ್ತಿದ್ದರಲ್ಲ, ನಮ್ಮ ಹುಡುಗರ ಮನೆಯವರು ನೋಡಲೆಂದು ಇರಬೇಕು ಅಂದುಕೊಂಡಿದ್ದೆವು. ಎಲ್ಲೆಲ್ಲಿಯೋ ಕುಳಿತವರು, ನಮ್ಮ ಊರಿನ ಹೆಸರನ್ನೂ ಸರಿಯಾಗಿ ಹೇಳಲು ಬಾರದವರು, ನಮ್ಮ ಲೀಗಿನ ಬೌಲರ್, ಒಬ್ಬ ಬ್ಯಾಂಕ್ ಗುಮಾಸ್ತ, ಹಾಕುವ ಮುಂದಿನ ಚೆಂಡು ಏನಾದೀತು ಎಂದು ಬಾಜಿ ಕಟ್ಟುತ್ತಿದ್ದರು. ಹೆದರಿಕೆ ಆಗಬೇಕಿತ್ತು. ನನಗೆ ಆದದ್ದು ಬೆರಗು. ಬೆರಗಿನ ಹಿಂದೆಯೇ ಹೆಮ್ಮೆ. ಜಗತ್ತೆಲ್ಲ ನನ್ನ ಕೈಯನ್ನೇ ನೋಡುತ್ತಿದೆ ಅನ್ನಿಸಿತು. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಆ ದಿನ ಟೋಪಿಯನ್ನು ಒಗೆದು ಇಸ್ತ್ರಿ ಮಾಡಿಸಿದೆ.

ಆ ಬಾಜಿಗಳ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಎರಡನೇ ಬ್ಯಾಟಿಂಗ್ ಸರದಿಯ ಮೊದಲ ಆರು ಓವರುಗಳಲ್ಲಿ ಮೂರಕ್ಕಿಂತ ಹೆಚ್ಚು ವೈಡ್ ಆಗುತ್ತದೆಯೋ ಇಲ್ಲವೋ. ವೈಡ್ ಎಂದು ತೀರ್ಮಾನಿಸುವವರು ಯಾರು? ನಾನು. ಬೇರೆಲ್ಲದರಲ್ಲೂ ಸೋತು ಸುಣ್ಣವಾಗಿದ್ದವನಿಗೆ ಸೋಲಲು ಸಾಧ್ಯವೇ ಇಲ್ಲದ ಒಂದು ಬಾಜಿ ಸಿಕ್ಕಿತ್ತು. ಯಾರೂ ಬಂದು ನನ್ನನ್ನು ಕೆಡಿಸಲಿಲ್ಲ, ಯಾರೂ ಹೆದರಿಸಲಿಲ್ಲ. ಸರದಿಗಳ ನಡುವಿನ ವಿರಾಮದಲ್ಲಿ, ರೋಲರ್ ಇಡುವ ಶೆಡ್ಡಿನ ಹಿಂದೆ ನಿಂತು, ಒಂದು ಕೈಯಲ್ಲಿ ಟೀ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ 'ಆಗುತ್ತದೆ' ಎಂಬುದನ್ನು ಒತ್ತಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಅಷ್ಟೇ ಸಭಿಕರೇ, ಟೀ ಕೂಡ ಆರಿರಲಿಲ್ಲ.

ಮಕ್ಕಳು ಇದನ್ನು ಕೇಳಿಸಿಕೊಳ್ಳಬೇಕು. ಒಂದು ವೈಡಿನಿಂದ ಯಾರಿಗೆ ನಷ್ಟ ಎಂದು ನನಗೆ ನಾನೇ ಕೇಳಿಕೊಂಡೆ. ಒಂದು ರನ್ನು. ಯಾವ ತಂಡವೂ ಅದರಿಂದ ಸೋಲುವುದಿಲ್ಲ. ನಾಳೆ ನಿಮಗೂ ಹೀಗೇ ಸಣ್ಣದು ಕೇಳುತ್ತಾರೆ. 'ನಾಳೆ ಯಾರ್ ಆಡ್ತಿದಾರೆ, ಪಿಚ್ ಒಣಗಿದ್ಯಾ, ನಿಮ್ ಬೌಲರ್ ಮಂಡಿ ಹೇಗಿದೆ' ಎಂದು ಮಾವನೋ ಪಕ್ಕದ ಮನೆಯ ಅಣ್ಣನೋ ಪ್ರೀತಿಯಿಂದಲೇ ಕೇಳುತ್ತಾರೆ. ಹೇಳಬೇಡಿ. ತಂಡದ ಒಳಗಿನ ಮಾತು ನಿಮ್ಮೊಬ್ಬರದ್ದಲ್ಲ.

ಎರಡನೇ ಸರದಿ ಶುರುವಾಯಿತು. ಐದೂವರೆ ಓವರಿನಲ್ಲಿ ಮೂರು ವೈಡ್ ಆಗಿತ್ತು, ಮೂರೂ ನ್ಯಾಯದ್ದೇ. ಆರನೇ ಓವರ್ ನಮ್ಮ ಬ್ಯಾಂಕ್ ಗುಮಾಸ್ತರದ್ದು, ಇಂದು ಇಲ್ಲಿ ತರಬೇತುದಾರರಾಗಿ ಕುಳಿತಿದ್ದಾರೆ. ಕೊನೆಯ ಚೆಂಡಿಗೆ ಓಡಿ ಬಂದರು. ನನ್ನ ಬಾಜಿಗೆ ಇನ್ನೊಂದು ವೈಡ್ ಬೇಕಿತ್ತು. ಚೆಂಡು ಅವರ ಕೈ ಬಿಟ್ಟಿತು. ನಾನು ಎರಡೂ ಕೈ ಚಾಚಿ 'ವೈಡ್' ಎಂದೆ. ಚೆಂಡು ಬ್ಯಾಟ್ಸ್‌ಮನ್ನಿನ ಪ್ಯಾಡಿನ ಪಕ್ಕದಲ್ಲೇ ಹಾದು ಕೀಪರ್ ಕೈ ಸೇರಿತು. ಬೌಲರ್ ತಿರುಗಿ ನನ್ನನ್ನು ನೋಡಿದರು, ತಮ್ಮ ಓಟದ ಗುರುತಿಗೆ ನಡೆದರು. ಕಂಬದ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಚೆಂಡು ನಿಂತ ಮೇಲೆ ಸ್ಕೋರರ್ ಕಡೆ ತಿರುಗಿ ಸನ್ನೆಯನ್ನು ಮತ್ತೊಮ್ಮೆ ಕೊಡಬೇಕು. ತಿರುಗಿದೆ. ಕೈ ಚಾಚಿದೆ. ಕಿಟಕಿಯಲ್ಲಿ ಕೈ ಏಳಲಿಲ್ಲ.

ಇನ್ನೊಮ್ಮೆ ಚಾಚಿದೆ. ಏಳಲಿಲ್ಲ. ಎದುರು ತಂಡದ ಸ್ಕೋರರ್ ಅಂದು ಬಂದಿರಲಿಲ್ಲ, ಅಕ್ಕ ಒಬ್ಬರೇ. ಜೊತೆಯ ಅಂಪೈರ್ ಹತ್ತಿರ ಬಂದು 'ಏನಾಯ್ತ್ರೀ' ಎಂದರು. 'ನೋಡಿಲ್ಲ ಅನ್ಸುತ್ತೆ' ಎಂದೆ. ಬೌಂಡರಿಯಲ್ಲಿ ಸಿಳ್ಳೆ ಶುರುವಾಯಿತು. ಯಾರೋ 'ಸ್ಕೋರಕ್ಕಾ, ಊಟ ಆಯ್ತಾ' ಎಂದು ಕೂಗಿದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ತೋಳು ನೋಯತೊಡಗಿತು.

ನನ್ನ ದೂರದೃಷ್ಟಿ ಚೆನ್ನಾಗಿದೆ, ಕಸುಬಿನವನು. ಎಂಬತ್ತು ಮೀಟರ್ ದೂರದಿಂದ ಅಕ್ಕನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಬೇರೆ ಕಡೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿರಲಿಲ್ಲ. ಪೆನ್ನನ್ನು ಪುಸ್ತಕದ ಮೇಲೆ ಅಡ್ಡ ಇಟ್ಟು, ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ, ನನ್ನನ್ನೇ ನೋಡುತ್ತಿದ್ದರು. ಸಿಟ್ಟಿಲ್ಲ, ಅಸಹ್ಯವಿಲ್ಲ. ಪ್ರೂಫಿನಲ್ಲಿ ಒಂದು ತಪ್ಪು ಕಂಡಾಗ ಓದುವುದನ್ನು ನಿಲ್ಲಿಸುತ್ತಾರಲ್ಲ, ಹಾಗೆ ನಿಲ್ಲಿಸಿದ್ದರು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಅಂಪೈರ್ ಕೊಟ್ಟ ಸನ್ನೆಯನ್ನು ಸ್ಕೋರರ್ ಒಪ್ಪಲೇಬೇಕು. 'ಇದು ವೈಡ್ ಅಲ್ಲ' ಎಂದು ಹೇಳುವ ಹಕ್ಕು ಅವರಿಗಿಲ್ಲ. ಹಾಗೆ ಹೇಳಿದರೆ ಅವರದ್ದೇ ತಪ್ಪು. ನಿಯಮ ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿದ್ದ ಆ ಹೆಂಗಸಿಗೆ ಆ ಹೊತ್ತಿನಲ್ಲಿ ಉಳಿದಿದ್ದ ದಾರಿ ಒಂದೇ, ಕಾಣಿಸದೆ ಇರುವುದು. ಕಂಡಿದ್ದೂ ಕಾಣಿಸದೆ ಇರುವುದು. ಒಬ್ಬ ಮನುಷ್ಯ ಬಾಯಿ ತೆರೆಯದೆ, ಜಾಗ ಬಿಟ್ಟು ಏಳದೆ, ಬರೀ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಇಡೀ ಮೈದಾನವನ್ನು ನಿಲ್ಲಿಸಬಲ್ಲರು ಎಂದು ನನಗೆ ಅಂದು ಗೊತ್ತಾಯಿತು. ಹದಿನೈದು ವರ್ಷ ನಾನು ಆಟ ನಡೆಸುತ್ತಿದ್ದೇನೆ ಎಂದುಕೊಂಡಿದ್ದೆ. ಆ ಕೈ ಏಳದೆ ಹೋದರೆ ನಾನು ಬಿಸಿಲಿನಲ್ಲಿ ಕೈ ಚಾಚಿ ನಿಂತ, ಬಟ್ಟೆ ಒಣಹಾಕುವ ಕಂಬ. ನನಗೆ ಭಯವಾಯಿತು, ಆದರೆ ಸಿಕ್ಕಿಬೀಳುವ ಭಯವಲ್ಲ. ಬಹಳ ಎತ್ತರದ್ದೇನನ್ನೋ ಹತ್ತಿರದಿಂದ ಕಂಡಾಗ ಆಗುತ್ತದಲ್ಲ, ಅಂಥದ್ದು.

ನಾಲ್ಕು ನಿಮಿಷವಾಗಿತ್ತು. ನಾನು ಕೈ ಮಡಚಿದೆ. ಎರಡೂ ಹೆಗಲು ಮುಟ್ಟಿಕೊಂಡೆ.

ತಕ್ಷಣ ಕಿಟಕಿಯಲ್ಲಿ ಕೈ ಎದ್ದಿತು. ಅಷ್ಟು ಬೇಗ, ಅಷ್ಟು ನೇರವಾಗಿ ಆ ಕೈ ಎದ್ದದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. 'ಓವರ್' ಎಂದೆ. ಆಟ ಮುಂದುವರಿಯಿತು.

ಜನರಿಗೆ ಕಂಡದ್ದು ಬೇರೆ. ಅಕ್ಕನಿಗೆ ಕಾಣಿಸಲಿಲ್ಲ, ಪಾಪ ಕಂಬ ಕಾದೂ ಕಾದೂ ಬೇಸತ್ತು ಒಂದು ರನ್ನನ್ನೇ ಬಿಟ್ಟುಕೊಟ್ಟ, ಎಂದು. ಬ್ಯಾಟಿಂಗ್ ತಂಡ ದೂರು ಕೊಟ್ಟಿತು. ಮುಂದಿನ ವಾರ ಈ ಸಭಾಂಗಣದ ಹಿಂದಿನ ಕೋಣೆಯಲ್ಲೇ ಶಿಸ್ತು ಸಮಿತಿ ಕುಳಿತಿತು. 'ಯಾಕ್ರೀ ಕೈ ಎತ್ಲಿಲ್ಲ' ಎಂದು ಅಕ್ಕನನ್ನು ಕೇಳಿದರು. ಅಕ್ಕ, 'ಕಾಣಿಸ್ಲಿಲ್ಲ' ಎಂದರು. ಒಂದೇ ಪದ. ಆಗ ನನ್ನ ಕಡೆ ತಿರುಗಿ, 'ನೀವು ಕಸುಬಿನವ್ರು, ಅಂಪೈರೂ ಹೌದು. ಅವ್ರ ಕಣ್ಣಲ್ಲಿ ದೋಷ ಇದೆಯಾ' ಎಂದರು.

ನಾನು, 'ಇರಬಹುದು' ಎಂದೆ.

ಸಭಿಕರೇ, ಅಂಪೈರ್ ಬಾಯಲ್ಲಿ ಬರಬಾರದ ಮಾತು ಅದು. ಔಟು ಅಥವಾ ಔಟಲ್ಲ, ಅಷ್ಟೇ ನಮ್ಮ ಭಾಷೆ. 'ಬಹುದು' ಎಂಬುದು ಬಾಜಿ ಕಟ್ಟುವವನ ಭಾಷೆ. ಗೆಲ್ಲಬಹುದು, ಬರಬಹುದು, ಈ ಸಲ ಆಗಬಹುದು. ಅಷ್ಟು ಹೊತ್ತಿಗೆ ಆ ಭಾಷೆ ನನ್ನ ನಾಲಿಗೆಗೆ ಅಂಟಿಹೋಗಿತ್ತು. ನನ್ನ ಒಂದು 'ಇರಬಹುದು' ಅಕ್ಕನನ್ನು ಏನು ಮಾಡಿತು ಎಂದರೆ, ಆ ವರ್ಷ ದೊಡ್ಡ ಮೈದಾನದ ಫೈನಲ್ ಪಂದ್ಯಕ್ಕೆ ಅಂಕ ಬರೆಯಲು ಅವರಿಗೆ ಪತ್ರ ಬಂದಿತ್ತು. ನಮ್ಮ ಸಂಘದಿಂದ ಅಲ್ಲಿಗೆ ಹೋಗಬೇಕಾಗಿದ್ದ ಮೊದಲ ಸ್ಕೋರರ್ ಅವರು. ಆ ಪತ್ರ ವಾಪಸಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ ವಯಸ್ಸು ಮೀರಿತು ಎಂದರು. ಇಲ್ಲಿ ಬರೆಯುವುದಕ್ಕೂ ಒಂದು ಷರತ್ತು ಹಾಕಿದರು, ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಕೊಂಡೇ ಕೂರತಕ್ಕದ್ದು ಎಂದು. ಪರೀಕ್ಷೆಗೆ ಅವರನ್ನು ಕಳಿಸಿದ್ದು ಎಲ್ಲಿಗೆ? ನನ್ನ ಅಂಗಡಿಗೆ.

ಅಕ್ಕ ಬಂದರು. ಕುರ್ಚಿಯಲ್ಲಿ ಕುಳಿತರು. ಅಕ್ಷರಗಳ ಪಟ್ಟಿಗೆ ದೀಪ ಹಾಕಿದೆ. ಒಂದು ಕಣ್ಣು ಮುಚ್ಚಿ ಮೇಲಿನಿಂದ ಕೆಳಗಿನವರೆಗೆ ಗಡಗಡ ಓದಿದರು. ಇನ್ನೊಂದು ಕಣ್ಣು ಮುಚ್ಚಿದರು, ಮತ್ತೆ ಕೊನೆಯ ಸಾಲಿನವರೆಗೆ ಓದಿದರು. ಅದರ ಕೆಳಗೆ ಮೂಲೆಯಲ್ಲಿ ಪಟ್ಟಿ ಅಚ್ಚು ಹಾಕಿದವರ ಹೆಸರು, ನೊಣದ ಕಾಲಿನಷ್ಟು ಸಣ್ಣ ಅಕ್ಷರದಲ್ಲಿದೆ. ನಾನು ಇಪ್ಪತ್ತು ವರ್ಷದಿಂದ ಅದನ್ನು ಗೆರೆ ಎಂದುಕೊಂಡಿದ್ದೆ. ಅಕ್ಕ ಹೇಳಿದರು, 'ಮುದ್ರಣ ಅನ್ನೋದ್ರಲ್ಲಿ ದಕ್ಕೆ ಒತ್ತು ಬಿಟ್ಟೋಗಿದೆ, ಮುದಣ ಅಂತಾಗಿದೆ.'

ನಾನು ದೀಪ ಆರಿಸಿದೆ. 'ಅಕ್ಕಾ, ನಿಮ್ಗೆ ನಂಬರೇ ಇಲ್ಲ' ಎಂದೆ.

'ಹಾಗಾದ್ರೆ ನಂಬರ್ ಇಲ್ದಿರೋದೇ ಒಂದು ಮಾಡ್ಕೊಡಿ ಸಾರ್. ಸಮಿತಿಗೆ ಕನ್ನಡಕ ಬೇಕು, ನಂಗೆ ಪುಸ್ತಕ ಬೇಕು.'

'ನೀವು ಹೇಳ್ಬಿಡ್ಬಹುದಿತ್ತಲ್ಲ ಅಕ್ಕಾ.'

'ಏನಂತ ಹೇಳ್ಲಿ? ಚೆಂಡು ಬ್ಯಾಟ್ಸ್‌ಮನ್ನ ದಾಟೋಕ್ ಮುಂಚೆನೇ ನಿಮ್ ಕೈ ಚಾಚಿತ್ತು. ಹದಿನೈದು ವರ್ಷದಲ್ಲಿ ನೀವು ಒಂದ್ಸಲಾನೂ ಚೆಂಡಿಗಿಂತ ಮುಂದೆ ಹೋದೋರಲ್ಲ. ಅಷ್ಟು ನೋಡ್ದೆ. ಯಾಕೆ ಏನು ಅಂತ ಗೊತ್ತಿಲ್ಲ, ಮನಸ್ಸಲ್ಲಿರೋದನ್ನ ಬರೆಯೋ ಕಾಲಂ ನನ್ ಪುಸ್ತಕದಲ್ಲಿಲ್ಲ.' ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆಂದರು, 'ಒಂದ್ಸಲ ಬರೆದ್ಬಿಟ್ರೆ ಅದು ನಡೆದೇ ಹೋಯ್ತು ಅಂತಾಗುತ್ತೆ. ಅದಕ್ಕೇ ಬರೀಲಿಲ್ಲ. ನೀವು ವಾಪಸ್ ತಗೊಂಡ್ರಿ. ವಾಪಸ್ ತಗೊಂಡಿದ್ದನ್ನ ನಾವು ಬರಿಯಲ್ಲ ಸಾರ್, ಅದು ನಿಯಮ.'

ಬಯ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ನಿಯಮ ಹೇಳಿ ಎದ್ದುಹೋದರು.

ಅಂದೇ ಎಲ್ಲ ಬಿಟ್ಟುಬಿಟ್ಟೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಬಿಡಲಿಲ್ಲ. ಎರಡು ತಿಂಗಳು ಇನ್ನೂ ಆಡಿದೆ, ಯಂತ್ರ ಮಾರಿದ್ದು ಆ ಎರಡು ತಿಂಗಳಲ್ಲೇ. ಮಕ್ಕಳೇ, ಅದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹತ್ತಿದ್ದರೆ ಒಬ್ಬರೇ ಹೋರಾಡಬೇಡಿ, ಬಂದು ಯಾರ ಹತ್ತಿರವಾದರೂ ಹೇಳಿ. ನನ್ನ ಅಂಗಡಿಯ ವಿಳಾಸ ಇದೆ. ನನಗೆ ಬಿಡಿಸಿದ್ದು ಆ ಕನ್ನಡಕ. ಹೊಸ ಋತು ಶುರುವಾಯಿತು, ನಾನು ಮೊದಲ ಫೋರ್ ಸನ್ನೆ ಕೊಟ್ಟೆ, ಕಿಟಕಿಯಲ್ಲಿ ಕೈ ಎದ್ದಿತು, ಆ ಕೈಯ ಪಕ್ಕದಲ್ಲಿ ಎರಡು ಗಾಜುಗಳು ಬಿಸಿಲಿಗೆ ಫಳ್ಳೆಂದವು. ನಾನೇ ಉಜ್ಜಿ ಕೂರಿಸಿದ ಬರೀ ಗಾಜು. ಪ್ರತಿ ಫೋರಿಗೂ ಫಳ್, ಪ್ರತಿ ವೈಡಿಗೂ ಫಳ್. ಒಂದು ಪಂದ್ಯದಲ್ಲಿ ಎಷ್ಟು ಸನ್ನೆ ಇರುತ್ತವೆ ಎಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಮೂರನೇ ಪಂದ್ಯ ಮುಗಿಸಿ ಮನೆಗೆ ಹೋಗುವ ದಾರಿಯಲ್ಲೇ ಫೋನಿನಿಂದ ಆ ಬಾಜಿಯ ಆ್ಯಪನ್ನು ಕಿತ್ತುಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ ಮುಟ್ಟಿಲ್ಲ.

ಹನ್ನೊಂದು ವರ್ಷ ಅಕ್ಕ ಆ ಗಾಜನ್ನು ಮೂಗಿನ ಮೇಲೆ ಹೊತ್ತಿದ್ದಾರೆ. ಈಗಲೂ ಹಾಕಿಕೊಂಡಿದ್ದಾರೆ, ನೋಡಿ. ಅಂಗಡಿಯ ಆ ದಿನದ ಮೇಲೆ ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ನೀವು ನಕ್ಕಾಗಲೆಲ್ಲ ಅವರೂ ನಕ್ಕರು. ಇಷ್ಟು ದೊಡ್ಡ ಮನಸ್ಸು ಇಷ್ಟು ಸಣ್ಣ ಕೋಣೆಯಲ್ಲಿ ಹೇಗೆ ಹಿಡಿಸಿತು ಎಂದು ನನಗೆ ಇನ್ನೂ ತಿಳಿಯುವುದಿಲ್ಲ.

ಮಾನ್ಯ ಅಧ್ಯಕ್ಷರೇ, ನೀವು ಕೊಟ್ಟ ಭೂತಗನ್ನಡಿ ತಪ್ಪು ವಿಳಾಸಕ್ಕೆ ಹೋಗಿದೆ, ಅದು ನನಗೆ ಸೇರಬೇಕಾದದ್ದು. ಆ ದಿನದ ಸಮಿತಿಯ ದಾಖಲೆಯಲ್ಲಿ 'ಸ್ಕೋರರಿಗೆ ದೃಷ್ಟಿದೋಷ ಇರಬಹುದು' ಎಂದು ಬರೆದಿದೆ. ಅದನ್ನು ಹೊಡೆದುಹಾಕಿಸಿ. ನನ್ನ ಮೇಲೆ ಏನು ಕ್ರಮವೋ ತೆಗೆದುಕೊಳ್ಳಿ, ಇವತ್ತೇ ಬಿಳಿ ಟೋಪಿಯನ್ನು ಈ ಮೇಜಿನ ಮೇಲೆ ಇಟ್ಟು ಹೋಗುತ್ತೇನೆ. ಶಿಕ್ಷಣ ಎಂದು ಆಮಂತ್ರಣ ಪತ್ರಿಕೆಯಲ್ಲಿ ಹಾಕಿದ್ದೀರಲ್ಲ, ನನಗೆ ಗೊತ್ತಿರುವ ಶಿಕ್ಷಣ ಇಷ್ಟೇ.

ಅಕ್ಕಾ, ಈಗ ನಾನು ಮೈಕ್ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲುತ್ತೇನೆ. ಹನ್ನೊಂದು ವರ್ಷದ ಹಿಂದೆ ಹಿಂದಿನ ಕೋಣೆಯಲ್ಲಿ ನಾನು ಆಡಿದ 'ಇರಬಹುದು' ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಎರಡೂ ಹೆಗಲು. ನೀವು ಕೈ ಎತ್ತುವವರೆಗೆ ನಾನು ಮುಂದೆ ಹೋಗುವ ಹಾಗಿಲ್ಲ, ಅದು ನಿಯಮ. ನಾಲ್ಕು ನಿಮಿಷವಾದರೂ ಸರಿ, ಸಭೆ ಕಾಯುತ್ತದೆ.

ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಹೇಳುತ್ತೇನೆ. ಅಕ್ಕ ಕನ್ನಡಕ ತೆಗೆದರು. ಮಡಚಿದರು. ಭೂತಗನ್ನಡಿಯ ಪಕ್ಕದಲ್ಲಿ ಇಟ್ಟರು. ಈಗ ಕೈ ಎತ್ತಿದ್ದಾರೆ.

ಕಾಣಿಸಿತು ಅಕ್ಕಾ. ಕೇಳಿಸಿಕೊಂಡ ಎಲ್ಲರಿಗೂ ವಂದನೆಗಳು, ನಮಸ್ಕಾರ.